ಸುರುಳಿಯಕ್ಕನ ಬಲಗಣ್ಣು

ಅವಳು ಅಳುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಎರಡು ವರ್ಷ ಇಡೀ ಕಾರ್ಖಾನೆ ಅವಳನ್ನು ಅಳುಬುರುಕಿ ಅಂತಲೇ ನಂಬಿತ್ತು. ಮನೆಯಲ್ಲಿ ಗಂಡನ ಕಾಟ ಇರಬೇಕು ಅಂತ ಕೆಲವರು ಮಾತಾಡಿಕೊಂಡರು. ಅವಳ ಗಂಡನನ್ನು ಬಲ್ಲವರಿಗೆ ಇದನ್ನು ಕೇಳಿ ನಗು ತಡೆಯಲಾಗುತ್ತಿರಲಿಲ್ಲ. ಆ ಟೈಲರ್ ತನ್ನ ಹೊಲಿಗೆ ಮಿಷನ್ನಿಗೂ ಗದರಿದವನಲ್ಲ. ಆದರೆ ಬಾಯಿ ಜೋರಿರುವ ಹೆಂಗಸಿನ ಕಣ್ಣಲ್ಲಿ ನೀರು ಕಂಡರೆ ಜನಕ್ಕೆ ಅದೇನೋ ಸಮಾಧಾನ. ಪ್ಯಾಕಿಂಗಿನವಳೊಬ್ಬಳು ಒಂದು ದಿನ ಮುಖಕ್ಕೇ ಕೇಳಿದಳು.

"ಏನಕ್ಕ, ಇವತ್ತೂ ಅತ್ರಾ?"

"ಎಡಗಣ್ಣು ನೋಡು," ಅಂದಳು ಇವಳು. "ಒಣಗಿದೆ ತಾನೆ? ಒಂದೇ ಕಣ್ಣಲ್ಲಿ ಅಳೋ ವಿದ್ಯೆ ನನಗಿನ್ನೂ ಬಂದಿಲ್ಲ. ಬಂದ್ರೆ ನಿನಗೂ ಕಲಿಸ್ತೀನಿ."

ಕಾರ್ಖಾನೆ ಅಂದ ಕೂಡಲೇ ದೊಡ್ಡ ಚಿಮಣಿ, ಸೈರನ್ನು ಅಂತ ಕಲ್ಪಿಸಿಕೊಳ್ಳಬೇಡಿ. ತಗಡಿನ ಮಾಡಿನ ಒಂದು ಉದ್ದನೆಯ ಶೆಡ್ಡು, ಒಳಗೆ ಒಂಬತ್ತು ಬೆಂಚು, ಬೆಂಚಿಗೊಂದು ಬರ್ನರ್. ಕಾಲೇಜಿನ ಲ್ಯಾಬುಗಳಿಗೆ, ಔಷಧಿ ತಯಾರಿಸುವವರಿಗೆ ಬೇಕಾದ ಗಾಜಿನ ಸಾಮಾನು ಅಲ್ಲಿ ತಯಾರಾಗುತ್ತದೆ. ಗ್ಯಾಸಿಗೆ ಆಕ್ಸಿಜನ್ ಕೂಡಿಸಿ ಉರಿಸುವ ನೀಲಿ ಉರಿಯಲ್ಲಿ ಗಾಜಿನ ಕೊಳವೆಯನ್ನು ತಿರುಗಿಸುತ್ತ ಕೂರಬೇಕು. ಮೆತ್ತಗಾದ ಗಳಿಗೆಗೆ ಸರಿಯಾಗಿ ಊದಬೇಕು, ಬಗ್ಗಿಸಬೇಕು, ಬೆಸೆಯಬೇಕು. ಅದರಲ್ಲೂ ಕಷ್ಟದ ಕೆಲಸವೆಂದರೆ ಕಂಡೆನ್ಸರ್. ಆವಿಯನ್ನು ತಣಿಸಿ ನೀರು ಮಾಡುವ ಆ ಸಾಧನದಲ್ಲಿ ದಪ್ಪ ಕೊಳವೆಯ ಹೊಟ್ಟೆಯೊಳಗೆ ಸಣ್ಣ ಕೊಳವೆಯೊಂದು ಹದಿನಾಲ್ಕು ಸುತ್ತು ಸುರುಳಿಯಾಗಿ ಕೂತಿರುತ್ತದೆ. ಒಂದು ಸುತ್ತು ಇನ್ನೊಂದಕ್ಕೆ ತಾಗಿದರೆ ಮುಗಿಯಿತು, ಕಸದ ಡಬ್ಬಿ. ಆ ಸುರುಳಿ ಸುತ್ತುವುದರಲ್ಲಿ ಇವಳದು ಎತ್ತಿದ ಕೈ. ಹಾಗಾಗಿ ಸುರುಳಿಯಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅಂತಲೇ ಕರೆಯುತ್ತಿದ್ದರು.

ಆ ಬೆಂಚು ಅವಳಿಗೆ ಯಾರೂ ಕರೆದು ಕೊಟ್ಟದ್ದಲ್ಲ. ಹತ್ತೊಂಬತ್ತಕ್ಕೆ ಪ್ಯಾಕಿಂಗಿಗೆ ಸೇರಿದವಳು ಆರು ವರ್ಷ ಹುಲ್ಲು, ರದ್ದಿ ಕಾಗದದಲ್ಲಿ ಬೇರೆಯವರು ಊದಿದ ಗಾಜನ್ನು ಸುತ್ತಿಟ್ಟಳು. ಊಟದ ಹೊತ್ತಲ್ಲಿ ಎಲ್ಲರೂ ಹೊರಗೆ ಹರಟುತ್ತಿದ್ದಾಗ ಒಡೆದ ಕೊಳವೆಗಳನ್ನು ಹಿಡಿದು ಬುಡ್ಡಿ ಮಾವನ ಬರ್ನರಿನ ಮುಂದೆ ಕೂತು ಕಲಿತಳು. ಸ್ಪಿರಿಟ್ ದೀಪದ ಬುಡ್ಡಿ ಊದುವ ಈ ಮಾವ ಯಾರಿಗೂ ಮಾವ ಅಲ್ಲ, ಹೆಸರಿಗೆ ಅಷ್ಟೆ. "ಹೆಂಗಸಿನ ಶ್ವಾಸಕ್ಕೆ ಇದೆಲ್ಲ ಆಗಿಬರಲ್ಲ," ಅಂತ ಅಂದಿದ್ದ ಅವರೇ ಆಮೇಲೆ ತಮ್ಮ ಪಕ್ಕದ ಬೆಂಚನ್ನು ಅವಳಿಗೆ ಬಿಡಿಸಿಕೊಟ್ಟರು. ಅಂದಿನಿಂದ ಇಪ್ಪತ್ತೆರಡು ವರ್ಷ. ಕೈಗೆ ಬರೆ ಬಿದ್ದಿದೆ, ತುಟಿ ಸುಟ್ಟಿದೆ, ಹೆಣ್ಣುಮಗಳೆಂದು ಯಾರೂ ರಿಯಾಯಿತಿ ತೋರಿಸಿಲ್ಲ, ಅವಳು ಕೇಳಿಯೂ ಇಲ್ಲ.

ನೋವು ಶುರುವಾದದ್ದು ನಲವತ್ತೈದಕ್ಕೆ. ಸೆಕೆ ಏರುವ ದಿನಗಳಲ್ಲಿ ಒಂದು ಮಧ್ಯಾಹ್ನ ಬಲಗಣ್ಣಿನ ಹಿಂದೆ ಯಾರೋ ಸ್ಕ್ರೂ ತಿರುವಿದ ಹಾಗಾಯಿತು. ಐದು ನಿಮಿಷದಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಅದೇ ಬದಿಯ ಮೂಗು ಸೋರಿತು, ರೆಪ್ಪೆ ಜೋತುಬಿತ್ತು. ತಲೆನೋವು ಬಂದವರು ಕತ್ತಲೆ ಕೋಣೆ ಹುಡುಕಿ ಮಲಗುತ್ತಾರೆ. ಇವಳಿಗೆ ಕೂರಲೂ ಆಗಲಿಲ್ಲ. ಗ್ಯಾಸ್ ಆರಿಸಿ ಎದ್ದವಳು ಹಿಂದಿನ ಅಂಗಳದಲ್ಲಿ ಒಂದು ಗಂಟೆ ಆ ಗೋಡೆಯಿಂದ ಈ ಗೋಡೆಗೆ ನಡೆದಳು, ಹಣೆಯನ್ನು ಗೋಡೆಗೆ ಒತ್ತಿದಳು, ನಡುನಡುವೆ ಗುದ್ದಿದಳು ಕೂಡ. ಆಮೇಲೆ ನಲ್ಲಿ ನಿಲ್ಲಿಸಿದಂತೆ ನಿಂತುಹೋಯಿತು. ಮರುದಿನ ಅದೇ ಹೊತ್ತಿಗೆ ಮತ್ತೆ ಹಾಜರ್. ಹೀಗೆ ಆರು ವಾರ. ಆಮೇಲೆ ವರ್ಷವಿಡೀ ಸುಳಿವಿಲ್ಲ. ಮುಂದಿನ ವರ್ಷ ಅದೇ ಕಾಲಕ್ಕೆ ಮತ್ತೆ ವಕ್ಕರಿಸಿತು.

ನೋವು ಒಬ್ಬರದ್ದಾದರೆ ಮದ್ದು ಊರಿಗೆಲ್ಲ ಗೊತ್ತಿರುತ್ತದೆ. ಕನ್ನಡಕ ಬದಲಿಸು ಅಂದರು, ಬದಲಿಸಿದಳು. ಸೈನಸ್ ಅಂದರು, ಹಬೆ ತೆಗೆದುಕೊಂಡಳು. ಆ ಹಬೆಯ ದಿನ ನೋವು ಎರಡು ಪಟ್ಟು. ಹಲ್ಲಿನ ದೋಷ ಅಂದರು. ಹಲ್ಲಿನ ಡಾಕ್ಟರು ಮೇಲಿನ ಎರಡು ದವಡೆ ಹಲ್ಲು ಕಿತ್ತು ಕೈಗೆ ಕೊಟ್ಟರು. ಗಟ್ಟಿಮುಟ್ಟಾದ ಹಲ್ಲುಗಳು. ಟೆನ್ಷನ್ ಮಾಡ್ಕೋಬೇಡಿ ಅಂದವರ ಲೆಕ್ಕವೇ ಇಲ್ಲ. ಆ ಮಾತು ಕೇಳಿದಾಗ ಮಾತ್ರ ಅವಳಿಗೆ ನಿಜಕ್ಕೂ ಟೆನ್ಷನ್ ಆಗುತ್ತಿತ್ತು.

ಮೂರನೇ ವರ್ಷಕ್ಕೆ ಅಳಿಯ ಬಂದ. ಕಾರ್ಖಾನೆಯ ಯಜಮಾನರು ಕಾಲಿನ ಸ್ವಾಧೀನ ತಪ್ಪಿ ಮನೆ ಹಿಡಿದ ಮೇಲೆ ಮಗಳ ಗಂಡ ಕಾರ್ಖಾನೆ ನೋಡಿಕೊಳ್ಳತೊಡಗಿದ. ಎದುರಿಗೆ ಎಲ್ಲರೂ ಸಾರ್, ಬೆನ್ನ ಹಿಂದೆ ಅಳಿಯ. ಕೆಟ್ಟವನಲ್ಲ, ಓದಿದವನು, ಕೆಲಸ ಹಸನಾಗಬೇಕೆಂಬ ಆಸೆ ಇದ್ದವನು. ಶೆಡ್ಡಿನ ಕೊನೆಗೆ ಗೋಡೆ ಕಟ್ಟಿಸಿ, ಏಸಿ ಹಾಕಿಸಿ ಅಳತೆ ರೂಮು ಮಾಡಿಸಿದ. ಅಳೆಯುವ ಹೊಸ ಮಿಷನ್ನಿಗೆ ತಂಪು ಬೇಕಂತೆ. ಜೊತೆಗೆ ಒಂದು ನಿಯಮ: ಯಾರು ಊದಿದರೋ ಅವರೇ ಆರಿದ ಸಾಮಾನನ್ನು ಒಂದೊಂದಾಗಿ ತಂದು, ಎದುರು ನಿಂತು ಅಳತೆ ಮಾಡಿಸಿ, ಸಹಿ ಹಾಕಬೇಕು. ಬರ್ನರಿನ ಮುಂದಿನಿಂದ ಎದ್ದು, ಬೆವರಲ್ಲಿ ತೊಯ್ದ ಬಟ್ಟೆಯಲ್ಲೇ ಆ ತಣ್ಣನೆಯ ರೂಮಿಗೆ ಹೋಗಿ, ಹತ್ತು ನಿಮಿಷ ನಿಂತು, ಮತ್ತೆ ಉರಿಗೆ ವಾಪಸ್. ಸಣ್ಣಪುಟ್ಟ ಸಾಮಾನೂ ಸೇರಿ ದಿನಕ್ಕೆ ಹನ್ನೆರಡು ಸಲ. ಆ ವರ್ಷ ನೋವಿನ ಕಾಲ ಬಂದಾಗ ದಿನಕ್ಕೊಂದು ಇದ್ದದ್ದು ಮೂರಾಯಿತು.

ಇದರ ಜಾಡು ಹಿಡಿದವನು ಡಾಕ್ಟರಲ್ಲ, ಟೈಲರ್. ಹೆಂಡತಿ ನೋವಲ್ಲಿ ಒದ್ದಾಡುವಾಗ ಮುಟ್ಟಲು ಹೋಗಿ ಬೈಸಿಕೊಂಡು, ಕೊನೆಗೆ ಸುಮ್ಮನೆ ಬಾಗಿಲು ತೆರೆದು, ಅವಳು ನಡೆಯುವ ದಾರಿಯಲ್ಲಿದ್ದ ಸ್ಟೂಲು ಬಕೆಟ್ಟುಗಳನ್ನು ಎತ್ತಿಡುವುದನ್ನು ಅವನು ಕಲಿತಿದ್ದ. ಉಳಿದ ಹೊತ್ತು ಏನೂ ಮಾಡಲಾಗದೆ ನೋಡುತ್ತ ನಿಲ್ಲುತ್ತಿದ್ದ. ಹಾಗೆ ನೋಡಿ ನೋಡಿಯೇ ಅವನಿಗೆ ಹೊಳೆಯಿತು.

"ನೀನು ಕೆಲಸದಿಂದ ಬಂದು ಬಿಸಿನೀರು ಹುಯ್ಕೊಂಡು ಅರ್ಧ ಗಂಟೆಗೆ ಬರುತ್ತೆ ಕಣೇ," ಅಂದ ಒಂದು ಸಂಜೆ. "ಮೊನ್ನೆ ನೀರು ಕಾಯಿಸಿರಲಿಲ್ಲ. ಅವತ್ತು ಸಂಜೆ ಬರಲಿಲ್ಲ."

"ನಿಮ್ದೊಂದು," ಅಂತ ಮೂಗು ಮುರಿದಳು. ಆದರೆ ಮರುದಿನ ತಣ್ಣೀರಲ್ಲೂ ಅಲ್ಲ, ಬಿಸಿನೀರಲ್ಲೂ ಅಲ್ಲ, ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿದಳು. ಸಂಜೆಯ ನೋವು ಬರಲಿಲ್ಲ.

ಅಂದಿನಿಂದ ಅವನ ಅಳತೆ ಪುಸ್ತಕದಲ್ಲಿ ಅವಳಿಗೊಂದು ಪುಟ. ಬೇರೆ ಪುಸ್ತಕ ತರುವ ಬುದ್ಧಿ ಇಬ್ಬರಿಗೂ ಹೊಳೆಯಲಿಲ್ಲ. ಎದೆ, ಸೊಂಟ, ತೋಳು, ಉದ್ದ ಎಂದು ಅಚ್ಚಾದ ಕಾಲಮ್ಮುಗಳಲ್ಲೇ ಬರೆದರು. ಎದೆಯ ಕೆಳಗೆ ಬಿಸಿಯಲ್ಲಿದ್ದ ಹೊತ್ತು, ಸೊಂಟದ ಕೆಳಗೆ ತಂಪಿಗೆ ಹೋದ ಹೊತ್ತು, ತೋಳಿನ ಕೆಳಗೆ ನೋವು ಬಂದ ಹೊತ್ತು, ಉದ್ದದ ಕೆಳಗೆ ಅದು ಎಷ್ಟು ಹೊತ್ತು ಇತ್ತು ಅಂತ. ಒಮ್ಮೆ ಅಳತೆ ರೂಮಿನ ಏಸಿ ಕೆಟ್ಟು ನಾಲ್ಕು ದಿನ ರೂಮಿಗೆ ಬೀಗ ಬಿತ್ತು. ಆ ನಾಲ್ಕು ದಿನ ಅವಳು ಬೆಳಗಿಂದ ಸಂಜೆಯವರೆಗೆ ಬರ್ನರಿನ ಮುಂದೆಯೇ ಇದ್ದಳು. ಆ ನಾಲ್ಕು ದಿನದ ತೋಳಿನ ಕಾಲಮ್ಮು ಕೆಲಸದ ಹೊತ್ತಿನಲ್ಲಿ ಖಾಲಿ. ಏಸಿ ರಿಪೇರಿಯಾದ ದಿನ ಮತ್ತೆ ಮೂರು ಸಲ.

ಪುಸ್ತಕ ಕಂಕುಳಲ್ಲಿಟ್ಟುಕೊಂಡು ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿನ ನರಗಳ ಡಾಕ್ಟರು ಇವಳದೇ ವಯಸ್ಸಿನ ಹೆಂಗಸು. ಪುಟ ತಿರುವಿ, "ನಿಮ್ಮ ಸೊಂಟ ಹನ್ನೊಂದು ಕಾಲಾ?" ಅಂತ ಹುಬ್ಬು ಹಾರಿಸಿದರು. ವಿಷಯ ತಿಳಿದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಕ್ಕಾದ ಮೇಲೆ ಡಾಕ್ಟರು ಹೇಳಿದರು: "ಇದಕ್ಕೆ ಕ್ಲಸ್ಟರ್ ತಲೆನೋವು ಅಂತಾರೆ. ವರ್ಷದಲ್ಲಿ ಕೆಲವು ವಾರ ಒಂದರ ಹಿಂದೆ ಒಂದು ಬರುತ್ತೆ, ಆಮೇಲೆ ಬಿಡುತ್ತೆ. ನಿಮ್ಮ ಹಲ್ಲು ಕಿತ್ತದ್ದು ದಂಡ."

"ಬಿಸಿಯಿಂದ ಬರುತ್ತಾ?"

"ಬಿಸಿ ಕಾಯಿಲೆಗೆ ಕಾರಣ ಅಲ್ಲ. ಆದ್ರೆ ಅದು ಬರೋ ಕಾಲದಲ್ಲಿ ಕೆಲವರಿಗೆ ಬಿಸಿ, ಬಿಸಿನೀರಿನ ಸ್ನಾನ, ಹವೆ ಸಟ್ಟಂತ ಬದಲಾಗೋದು, ಇವೆಲ್ಲ ನೋವನ್ನ ಎಬ್ಬಿಸ್ತವೆ. ನಿಮಗೆ ಯಾವುದು ಅನ್ನೋದನ್ನ ಈ ಪುಸ್ತಕ ನನಗಿಂತ ಚೆನ್ನಾಗಿ ಹೇಳ್ತಿದೆ."

ಮಾತ್ರೆ ಬರೆದರು. ನೋವು ಬಂದ ಕೂಡಲೇ ಮಾಸ್ಕ್ ಹಾಕಿಕೊಂಡು ಹದಿನೈದು ಇಪ್ಪತ್ತು ನಿಮಿಷ ಶುದ್ಧ ಆಕ್ಸಿಜನ್ ಎಳೆದುಕೊಳ್ಳಬೇಕು ಅಂದರು. ಸುರುಳಿಯಕ್ಕನಿಗೆ ಮತ್ತೆ ನಗು. ಇಪ್ಪತ್ತೆರಡು ವರ್ಷ ಅದನ್ನೇ ಉರಿಸುತ್ತ ಕೂತಿದ್ದಳು, ಮದ್ದು ಮಂಡಿಯ ಪಕ್ಕದಲ್ಲೇ ಇತ್ತು! ಡಾಕ್ಟರು ಅವಳ ಮನಸ್ಸನ್ನು ಓದಿದವರಂತೆ ಬೆರಳೆತ್ತಿದರು. "ಕಾರ್ಖಾನೆ ಸಿಲಿಂಡರಿಗೆ ಮೂಗು ಇಟ್ಟೀರಾ, ಜೋಕೆ. ಆಸ್ಪತ್ರೆ ಸಿಲಿಂಡರೇ ಬೇರೆ. ಮತ್ತೆ ಅದನ್ನ ಬೆಂಕಿ ಇರೋ ಕಡೆ ತೆರೆಯೋ ಹಾಗೇ ಇಲ್ಲ. ದೂರದ ಒಂದು ರೂಮು ಬೇಕು."

ಆ ರೂಮಿಗಾಗಿಯೇ ಅವಳು ಡಾಕ್ಟರಿಂದ ಪತ್ರ ಬರೆಸಿಕೊಂಡಳು, ಅಳಿಯನ ಮೇಜಿನ ಮೇಲಿಟ್ಟಳು. ಅಂಗಳದಾಚೆಯ ಹಳೇ ಸ್ಟೋರ್ ರೂಮು ಕೊಟ್ಟರೆ ಸಾಕಿತ್ತು. ಅವನು ಪತ್ರವನ್ನು ಎರಡು ಸಲ ಓದಿದ. ಅವನ ಕಣ್ಣು ಒಂದೇ ಸಾಲಿನ ಮೇಲೆ ನಿಂತಿತು.

"ಡಾಕ್ಟರೇ ಬರೆದಿದ್ದಾರಲ್ಲ ಅಕ್ಕ, ವಿಪರೀತ ಬಿಸಿಯಿಂದ ದೂರ ಇರಬೇಕು ಅಂತ. ಸೋಮವಾರದಿಂದ ಪ್ಯಾಕಿಂಗಿಗೆ ಬನ್ನಿ. ಸಂಬಳ ಒಂದು ಪೈಸೆ ಕಮ್ಮಿ ಮಾಡಲ್ಲ."

"ಅದರ ಕೆಳಗಿನ ಸಾಲು ಓದಿ ಸಾರ್. ಬಿಸಿಯಿಂದ ತಂಪಿಗೆ ಒಮ್ಮೆಲೇ ಹೋಗಬಾರದು ಅಂತಲೂ ಇದೆ. ಈ ಪುಸ್ತಕ ನೋಡಿ. ರೂಮಿಗೆ ಬೀಗ ಬಿದ್ದಾಗ ನಾಲ್ಕು ದಿನ ಉರಿ ಮುಂದೆ ಕೂತೆ, ಏನೂ ಆಗಲಿಲ್ಲ. ಗೋಡೆಯಲ್ಲೊಂದು ಕಿಟಕಿ ಕೊರೆಸಿಕೊಡಿ, ಸಾಮಾನು ಅದರಲ್ಲಿ ದಾಟಿಸ್ತೀನಿ. ಸಹಿನೂ ಅಲ್ಲೇ ಹಾಕ್ತೀನಿ."

"ಒಬ್ಬರಿಗೋಸ್ಕರ ಗೋಡೆ ಒಡೆಸೋಕಾಗುತ್ತಾ? ನಾಳೆ ಉರಿ ಮುಂದೆ ಕೂತಿರೋವಾಗ ನೋವು ಬಂದು, ನೀವು ಅದರ ಮೇಲೆ ಬಿದ್ರೆ? ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಈ ಭಯ ಸುಳ್ಳಲ್ಲ, ಅದು ಅವಳಿಗೂ ಗೊತ್ತಿತ್ತು. "ಕಣ್ಣಿನ ಹಿಂದೆ ಮೊದಲ ಚುಚ್ಚು ಬಂದ ತಕ್ಷಣ ಗ್ಯಾಸ್ ಆರಿಸ್ತೀನಿ, ಆಮೇಲೇ ಏಳ್ತೀನಿ. ಮೂರು ವರ್ಷದಲ್ಲಿ ಒಂದು ಸಲ ಉರಿ ಬಿಟ್ಟು ಎದ್ದಿದ್ರೆ ಯಾರಾದ್ರೂ ಹೇಳಲಿ," ಅಂದಳು. ಅವನು ಪತ್ರ ಮಡಚಿ ಡ್ರಾಯರಿಗೆ ಹಾಕಿದ. ಮಾತು ಮುಗಿಯಿತು ಎಂದು ಅದರರ್ಥ.

ಅವಳು ಹೊರಗೆ ಬಂದಳು. ಸಿಟ್ಟು ಅರ್ಧ, ಹೆದರಿಕೆ ಅರ್ಧ. ಪ್ಯಾಕಿಂಗ್ ಕೀಳು ಕೆಲಸವೆಂದಲ್ಲ. ಆದರೆ ಆರು ವರ್ಷ ಹುಲ್ಲಿನ ದೂಳು ಕುಡಿದು ಅಲ್ಲಿಂದ ಎದ್ದು ಬಂದವಳನ್ನು ಮತ್ತೆ ಅಲ್ಲಿಗೇ ಕೂರಿಸುವುದೆಂದರೆ ಬದುಕನ್ನು ಒರೆಸಿ ಹಾಕಿದ ಹಾಗೆ. ಅದನ್ನು ಒಳ್ಳೆಯ ಮಾತಲ್ಲಿ, ಅಕ್ಕ ಎಂದು ಕರೆದು ಮಾಡುತ್ತಿದ್ದಾನಲ್ಲ, ಅದೇ ಅವಳ ಹೊಟ್ಟೆ ಉರಿಸಿತು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಮಿಷನ್ ನಿಲ್ಲಿಸಿ, "ಸುಮ್ನೆ ಒಪ್ಕೋ ಅಂತ ನಾನು ಹೇಳಲ್ಲ. ಒಪ್ಕೊಂಡು ಮನೆಗೆ ಬಂದ್ರೆ ಆ ಸಿಟ್ಟೆಲ್ಲ ತಿನ್ನಬೇಕಾದವನು ನಾನೇ," ಅಂದ.

ಸೋಮವಾರ ಅವಳು ಪ್ಯಾಕಿಂಗಿಗೆ ಹೋಗಲಿಲ್ಲ. ಎಂದಿನಂತೆ ಬಣ್ಣದ ಕನ್ನಡಕ ಏರಿಸಿ ತನ್ನ ಬೆಂಚಿನಲ್ಲಿ ಕೂತು ಬರ್ನರ್ ಹಚ್ಚಿದಳು. ಬುಡ್ಡಿ ಮಾವ ಓರೆಗಣ್ಣಲ್ಲಿ ನೋಡಿ, ತಮ್ಮ ಸ್ಟೂಲನ್ನು ಅವಳ ಬೆಂಚಿನ ಹತ್ತಿರಕ್ಕೆ ಎಳೆದುಕೊಂಡರು. ಒಂಬತ್ತೂವರೆಗೆ ಅಳಿಯ ಬಂದು ನೋಡಿದ, ನೋಡದವನಂತೆ ಹೋದ. ಅವಳು ಸುರುಳಿ ಸುತ್ತಿದಳು, ಹೊರ ಕೊಳವೆಯೊಳಗೆ ಕೂರಿಸಿದಳು, ಎರಡೂ ತುದಿ ಬೆಸೆದಳು. ಮೂರು ಗಂಟೆಯ ಕೆಲಸ. ಅಷ್ಟು ಹೊತ್ತಿಗೆ ಅವನು ಮತ್ತೆ ಬಂದ, ಈ ಸಲ ಹಿಂದೆ ಮ್ಯಾನೇಜರು, ಕೈಯಲ್ಲೊಂದು ಕಾಗದ.

"ಅಕ್ಕ, ಇದು ಸರಿಯಲ್ಲ. ಎದ್ದೇಳಿ."

ಅವಳು ಎದ್ದಳು. ಇಕ್ಕಳದಲ್ಲಿ ಹಿಡಿದ ಕಂಡೆನ್ಸರ್ ಇನ್ನೂ ಸುಡುತ್ತಿತ್ತು. ಎಂದಿನಂತೆ ಅದನ್ನು ತಣಿಸುವ ಪೆಟ್ಟಿಗೆಗೆ ಇಡಬೇಕಿತ್ತು. ಆ ವಿದ್ಯುತ್ ಒಲೆಯಲ್ಲಿ ಗಾಜು ಇಡೀ ರಾತ್ರಿ ಮೆಲ್ಲಮೆಲ್ಲಗೆ ಆರಿ ಬೆಳಗ್ಗೆ ಹೊರಗೆ ಬರುತ್ತದೆ. ಅವಳು ಪೆಟ್ಟಿಗೆಯನ್ನು ದಾಟಿ ನೇರ ಅಳತೆ ರೂಮಿನ ಕಡೆ ನಡೆದಳು.

"ಏನ್ ಮಾಡ್ತಿದ್ದೀರಾ? ಅದನ್ನ ಹಾಗೇ ಒಳಗೆ ಒಯ್ಬೇಡಿ, ಒಡೆಯುತ್ತೆ!" ಅಂತ ಅಳಿಯ ಕೂಗಿದ.

"ಹೌದಾ? ನಿಮಗೂ ಗೊತ್ತಾ?"

ಬಾಗಿಲನ್ನು ಭುಜದಿಂದ ತಳ್ಳಿದಳು. ಎಂಟು ಬೆಂಚಿನವರೂ ಎದ್ದು ನಿಂತಿದ್ದರು. ಏಸಿಯ ಎದುರಿಗಿದ್ದ ಸ್ಟೀಲ್ ಮೇಜಿನ ಮೇಲೆ ಕಂಡೆನ್ಸರನ್ನು ಇಟ್ಟು ಕೈ ಕಟ್ಟಿ ನಿಂತಳು. ಎರಡು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಟಿಕ್ ಎಂದು ಸಣ್ಣ ಸದ್ದು. ಬೆಸುಗೆಯ ಹತ್ತಿರ ಕೂದಲಿನಷ್ಟು ಸಪೂರ ಗೆರೆಯೊಂದು ಹುಟ್ಟಿ, ಉದ್ದಕ್ಕೂ ಓಡಿ, ಹೊರ ಕೊಳವೆ ಎರಡು ಹೋಳಾಗಿ ಬಿತ್ತು. ಒಳಗಿನ ಸುರುಳಿ ಮೇಜಿನ ಮೇಲೆ ಉರುಳಿ ಚೂರಾಯಿತು. ತನ್ನ ಕೈಯ ಕೆಲಸ ಹಾಗೆ ಹೋದದ್ದಕ್ಕೆ ಅವಳಿಗೆ ಸಂಕಟವಾಯಿತು. ಅದನ್ನು ಮುಖದ ಮೇಲೆ ತರಲಿಲ್ಲ.

"ಗಾಜಿಗೆ ಒಂದಿಡೀ ರಾತ್ರಿ ಕೊಡ್ತೀರಿ ಸಾರ್," ಅಂದಳು. "ಸಾವಿರಾರು ರೂಪಾಯಿ ಒಲೆ ಇಟ್ಟು, ಮೆಲ್ಲಗೆ ಆರು ತಾಯಿ ಅಂತ ಬೇಡ್ಕೋತೀರಿ. ನಾನು ದಿನಕ್ಕೆ ಹನ್ನೆರಡು ಸಲ ಇದೇ ಬಾಗಿಲು ದಾಟಿದೆ. ನನಗೆ ಒಂದು ಕಿಟಕಿ ಕೇಳಿದ್ದಕ್ಕೆ ಹುಲ್ಲು ಕಟ್ಟು ಅಂದ್ರಿ. ಇದರ ನಷ್ಟ ನನ್ನ ಸಂಬಳದಲ್ಲಿ ಹಿಡೀರಿ. ಆದ್ರೆ ನಾನು ಆ ಬೆಂಚು ಬಿಟ್ಟು ಹೋಗಲ್ಲ. ಕಾಗದ ಕೊಟ್ರೂ ಹೋಗಲ್ಲ, ಹೊತ್ತು ಹಾಕಿದ್ರೂ ನಾಳೆ ಬಂದು ಕೂರ್ತೀನಿ."

ಬುಡ್ಡಿ ಮಾವ ಗಂಟಲು ಸರಿಮಾಡಿಕೊಂಡು, "ಬೆವರಲ್ಲಿ ಆ ರೂಮಿಗೆ ಹೋಗಿ ಹೋಗಿ ನನ್ನ ಕುತ್ತಿಗೆನೂ ಹಿಡ್ಕೊಂಡಿದೆ ಸಾರ್. ಹೇಳೋಕೆ ನಾಚಿಕೆ ಆಗಿತ್ತು," ಅಂದರು. ಆಮೇಲೆ ಇನ್ನೊಬ್ಬ ತನ್ನ ಮೂಗು ಕಟ್ಟುವುದನ್ನು ಹೇಳಿದ. ಮತ್ತೊಬ್ಬನಿಗೆ ಮಂಡಿ. ಇಷ್ಟು ದಿನ ಎಲ್ಲರೂ ಗಂಡಸರಾಗಿ ಉಸಿರು ಬಿಗಿಹಿಡಿದಿದ್ದರು, ಪಾಪ. ಅಳಿಯ ಮೇಜಿನ ಮೇಲಿನ ಚೂರುಗಳನ್ನೂ ಕೈಯಲ್ಲಿದ್ದ ಕಾಗದವನ್ನೂ ನೋಡಿದ. ಕಾಗದವನ್ನು ಜೇಬಿಗೆ ಹಾಕಿಕೊಂಡು, "ಯಾರಾದ್ರೂ ಇದನ್ನ ಗುಡಿಸಿ," ಎಂದಷ್ಟೇ ಹೇಳಿ ಹೊರಟುಹೋದ.

ಹತ್ತು ದಿನಕ್ಕೆ ಗಾರೆಯವನು ಬಂದು ಗೋಡೆಯಲ್ಲಿ ಎರಡಡಿ ಅಗಲದ ಕಿಟಕಿ ಕೊರೆದ. ಹಳೇ ಸ್ಟೋರ್ ರೂಮಿನ ಕೀಲಿಕೈ ಅವಳ ಬೆಂಚಿನ ಮೇಲೆ ಬಂದು ಕೂತಿತು, ಕೊಟ್ಟವರು ಯಾರೂ ಕಾಣಲಿಲ್ಲ. ಒಡೆದ ಕಂಡೆನ್ಸರಿನ ಮಾತನ್ನು ಯಾರೂ ಎತ್ತಲಿಲ್ಲ. ಆ ವರ್ಷದ ಉಳಿದ ದಿನಗಳಲ್ಲಿ ಕೆಲಸದ ಹೊತ್ತಿನ ನೋವು ದಿನಕ್ಕೊಂದಕ್ಕೆ ಇಳಿಯಿತು. ಬಂದದ್ದನ್ನು ಮಾಸ್ಕು ಇಪ್ಪತ್ತು ನಿಮಿಷದಲ್ಲಿ ಅಡಗಿಸಿತು. ಅವಧಿ ಮುಗಿದು ನೋವು ತನ್ನ ದಾರಿ ಹಿಡಿಯಿತು.

ಮರುವರ್ಷ ಸೆಕೆಗಾಲಕ್ಕೆ ಇನ್ನೂ ಮೂರು ವಾರವಿತ್ತು. ಹಿತವಾದ ಬೆಳಗು, ಬಿಸಿಯೂ ಇಲ್ಲ, ಚಳಿಯೂ ಇಲ್ಲ. ಆಗಷ್ಟೇ ಬಂದವಳು ಬರ್ನರ್ ಹಚ್ಚಿ ಇನ್ನೂ ಕೊಳವೆ ಕೈಗೆತ್ತಿಕೊಂಡಿರಲಿಲ್ಲ. ಕಣ್ಣಿನ ಹಿಂದೆ ಚುಚ್ಚಿತು. ಗ್ಯಾಸ್ ಆರಿಸಿದಳು, ಕನ್ನಡಕ ತೆಗೆದಿಟ್ಟಳು, ಅಂಗಳ ದಾಟಿ ಸ್ಟೋರ್ ರೂಮಿಗೆ ಹೋದಳು. ಇಪ್ಪತ್ತು ನಿಮಿಷದಲ್ಲಿ ತಗ್ಗಲಿಲ್ಲ. ನಲವತ್ತಕ್ಕೆ ತಗ್ಗಿತು. ಮಾಸ್ಕಿನ ಗುರುತು ಕೆನ್ನೆಯ ಮೇಲೆ ಹಾಗೇ ಇದ್ದಂತೆ, ಕೆಂಪು ಕಣ್ಣಿನಲ್ಲೇ ಶೆಡ್ಡಿಗೆ ವಾಪಸ್ಸಾದಾಗ ಅಳಿಯ ಅವಳ ಬೆಂಚಿನ ಹತ್ತಿರ ನಿಂತಿದ್ದ. ಅವನ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ, ನಿಜವಾಗಿಯೂ ಪೆಚ್ಚಾಗಿದ್ದ.

"ಕಿಟಕಿ ಮಾಡಿಸಿದ್ವಿ, ರೂಮು ಕೊಟ್ವಿ. ಆದ್ರೂ ಬಂತಲ್ಲ ಅಕ್ಕ."

"ಬರುತ್ತೆ ಸಾರ್. ಮುಂದಿನ ವರ್ಷನೂ ಬರುತ್ತೆ. ಅದು ಬರಲ್ಲ ಅಂತ ನಾನ್ಯಾವಾಗ ಹೇಳ್ದೆ? ನಾನು ಹೋಗಲ್ಲ ಅಂತ ಹೇಳಿದ್ದೆ. ಸ್ವಲ್ಪ ಸರಿಯಿರಿ, ಬರ್ನರ್ ಹಚ್ಬೇಕು."

ಅವನು ಸರಿದು ನಿಂತ. ಅವಳು ಕೂತು ಉರಿ ಹಚ್ಚಿದಳು.